ಆಕಾರ ನೋಡಿ ಅಳೆಯಲಾಗದ ಬೆಟ್ಟಗಳು

ಇಥಿಯೋಪಿಯದ ಅಫಾರ್ ಪ್ರದೇಶದಲ್ಲಿರುವ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿಯ ಹೆಸರನ್ನು 2025ರ ನವೆಂಬರ್ 23ಕ್ಕೆ ಮೊದಲು ಆ ಸೀಮೆಯ ಪಶುಪಾಲಕರು ಮತ್ತು ಕೆಲವು ಭೂವಿಜ್ಞಾನಿಗಳನ್ನು ಬಿಟ್ಟರೆ ಹೆಚ್ಚಿನವರು ಕೇಳಿಯೇ ಇರಲಿಲ್ಲ. ಅದು ಹಿಂದೆಂದಾದರೂ ಉಕ್ಕಿದ್ದಕ್ಕೆ ದಾಖಲೆ ಇರಲಿಲ್ಲ. ಎತ್ತರವೂ ಸುಮಾರು 500 ಮೀಟರ್ ಅಷ್ಟೇ. ಪಠ್ಯಪುಸ್ತಕದ ವರ್ಗೀಕರಣದಂತೆ ಅದು ಗುರಾಣಿ ಜ್ವಾಲಾಮುಖಿ, ಅಂದರೆ ಲಾವಾ ಸದ್ದಿಲ್ಲದೆ ಹರಿದು ಅಗಲಕ್ಕೆ ಹರಡಿಕೊಳ್ಳುವ ಜಾತಿಯದು. ಅಂತಹ ಬೆಟ್ಟ ಆ ಭಾನುವಾರ ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಬೂದಿ ಚಿಮ್ಮಿಸಿತು. ಮೇಲ್ಗಾಳಿಗೆ ಸಿಕ್ಕಿದ ಬೂದಿ ಕೆಂಪು ಸಮುದ್ರವನ್ನು ದಾಟಿ, ಯೆಮನ್ ಮತ್ತು ಒಮಾನ್ ಮೇಲೆ ಹಾದು, ಮರುದಿನ ಭಾರತ ಮತ್ತು ಪಾಕಿಸ್ತಾನದ ಆಕಾಶಕ್ಕೆ ಬಂದಿತು. ಹಲವು ವಿಮಾನಗಳ ಹಾರಾಟ ರದ್ದಾಯಿತು. ಜೀವಹಾನಿಯ ವರದಿ ಬರಲಿಲ್ಲವಾದರೂ ಅಫಾರ್‌ನ ಹಳ್ಳಿಗಳಲ್ಲಿ ಹುಲ್ಲುಗಾವಲಿನ ಮೇಲೆ ಬೂದಿ ಕವಿದು, ದನ, ಮೇಕೆಗಳಿಗೆ ಮೇವಿಲ್ಲದಂತಾಯಿತು.

ದಾಖಲೆ ಇಲ್ಲದ ಬೆಟ್ಟ ಅಪಾಯವಿಲ್ಲದ ಬೆಟ್ಟವಲ್ಲ ಎನ್ನುವುದು ಇದರಿಂದ ತಿಳಿಯಬೇಕಾದ ಮೊದಲ ಮಾತು. ಜಾತಿ ಹೇಳಿದ ಮಾತ್ರಕ್ಕೆ ಬೆಟ್ಟದ ನಡತೆ ಗೊತ್ತಾಗುವುದಿಲ್ಲ ಎನ್ನುವುದು ಎರಡನೆಯದು. ಗುರಾಣಿ, ಶಂಕು, ಪದರು ಎಂದು ಆಕಾರ ನೋಡಿ ಹೆಸರಿಡುವ ಪದ್ಧತಿ ಉಪಯುಕ್ತ ನಿಜ. ಆದರೆ ಆಕಾರವು ಆ ಬೆಟ್ಟ ಇಷ್ಟು ದಿನ ಏನು ಮಾಡಿತು ಎಂಬುದರ ಗುರುತೇ ಹೊರತು, ನಾಳೆ ಏನು ಮಾಡುತ್ತದೆ ಎಂಬುದರ ಭರವಸೆಯಲ್ಲ. ನಾಳೆಯದನ್ನು ತಿಳಿಯಲು ನೆಲದೊಳಗಿನ ಶಿಲಾಪಾಕವನ್ನು ನೋಡಬೇಕು, ಸುತ್ತಲಿನ ನೀರು, ಹಿಮವನ್ನು ನೋಡಬೇಕು. ಅದರ ಬುಡದಲ್ಲಿ ಬದುಕುವವರಿಗೆ ಸುದ್ದಿ ಮುಟ್ಟಿಸುವವರು ಇದ್ದಾರೆಯೇ ಎಂಬುದನ್ನಂತೂ ನೋಡಲೇಬೇಕು.

ಶಿಲಾಪಾಕದಿಂದಲೇ ತೊಡಗೋಣ. ಭೂಮಿಯೊಳಗೆ ಕರಗಿದ ಬಂಡೆಯಲ್ಲಿ ಸಿಲಿಕಾ (ಮರಳಿನ ಮುಖ್ಯ ಅಂಶ) ಎಷ್ಟಿದೆ, ಅನಿಲ ಎಷ್ಟು ಬೆರೆತಿದೆ ಎಂಬ ಎರಡು ಸಂಗತಿಗಳ ಮೇಲೆ ಬಹಳಷ್ಟು ನಿಂತಿದೆ. ಬಸಾಲ್ಟ್ ಜಾತಿಯ ಶಿಲಾಪಾಕದಲ್ಲಿ ಸಿಲಿಕಾ ಅರ್ಧದಷ್ಟು; ಅದರ ಬಿಸಿ 1,000ರಿಂದ 1,200 ಡಿಗ್ರಿ ಸೆಲ್ಸಿಯಸ್. ಅದು ತೆಳುವಾಗಿರುತ್ತದೆ, ಒಳಗಿನ ಅನಿಲ ಸಲೀಸಾಗಿ ಹೊರಬಂದುಬಿಡುತ್ತದೆ. ಸಿಲಿಕಾ ಶೇ. 60, 70ಕ್ಕೆ ಏರಿದಂತೆ ಶಿಲಾಪಾಕದ ಬಿಸಿ ಕಡಿಮೆಯಾಗುತ್ತದೆ, ಅಂಟು ಹೆಚ್ಚುತ್ತದೆ. ಆಳದ ಒತ್ತಡದಲ್ಲಿ ಕರಗಿಕೊಂಡಿದ್ದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಮೇಲೇರುವಾಗ ಗುಳ್ಳೆಗಳಾಗುತ್ತವೆ. ಆ ಗುಳ್ಳೆಗಳಿಗೆ ಅಂಟಿನಿಂದ ಬಿಡಿಸಿಕೊಂಡು ಹೋಗಲು ದಾರಿ ಸಿಗುವುದಿಲ್ಲ. ಒಳಗೊಳಗೇ ಉಬ್ಬಿ, ಕಡೆಗೆ ಇಡೀ ಶಿಲಾಪಾಕವನ್ನೇ ಪುಡಿ ಮಾಡಿ ಸಿಡಿಯುತ್ತವೆ. ನಾವು ಬೂದಿ ಎನ್ನುವುದು ಹಾಗೆ ಪುಡಿಯಾದ ಬಂಡೆ ಮತ್ತು ಗಾಜಿನ ಚೂರು. ಉರಿದು ಉಳಿದ ಬೂದಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದ್ದರಿಂದಲೇ ಅದು ವಿಮಾನದ ಎಂಜಿನ್‌ಗೆ ಹೋದರೆ ಅಲ್ಲಿನ ಬಿಸಿಗೆ ಕರಗಿ ಒಳಭಾಗಗಳಿಗೆ ಮೆತ್ತಿಕೊಳ್ಳುತ್ತದೆ. 1982ರ ಜೂನ್‌ನಲ್ಲಿ ಇಂಡೋನೇಷ್ಯಾದ ಗಾಲುಂಗುಂಗ್ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ಜಂಬೋ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತುಹೋಗಿದ್ದವು. ಕೆಳಗಿಳಿದು ಬೂದಿಯಿಂದ ಹೊರಬಂದ ಮೇಲೆ ಅವು ಮತ್ತೆ ಚಾಲೂ ಆದದ್ದರಿಂದ ಎಲ್ಲರೂ ಬದುಕಿದರು.

ಯಾವ ಶಿಲಾಪಾಕ ಎಲ್ಲಿ ಹುಟ್ಟುತ್ತದೆ ಎನ್ನುವುದಕ್ಕೂ ಕಾರಣವಿದೆ. ಭೂಫಲಕಗಳು ಒಂದರಿಂದೊಂದು ದೂರ ಸರಿಯುವಲ್ಲಿ, ಅಂದರೆ ಐಸ್‌ಲ್ಯಾಂಡ್, ಪೂರ್ವ ಆಫ್ರಿಕದ ಬಿರುಕು ಕಣಿವೆ ಮತ್ತು ಸಾಗರತಳದ ಉದ್ದನೆಯ ಏಣುಗಳಲ್ಲಿ, ಹೆಚ್ಚಾಗಿ ಬಸಾಲ್ಟ್ ಉಕ್ಕುತ್ತದೆ. ಫಲಕದ ನಟ್ಟನಡುವೆ ಆಳದಿಂದ ಬಿಸಿ ಮೇಲೆದ್ದು ಬರುವ ಹವಾಯಿಯಂತಹ ಕಡೆಯೂ ಬಸಾಲ್ಟೇ. ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವಲ್ಲಿ ಮಾತ್ರ ಕಥೆ ಬೇರೆ. ಕೆಳಗೆ ಇಳಿಯುವ ಸಾಗರತಳ ತನ್ನೊಂದಿಗೆ ನೀರನ್ನೂ ಒಯ್ಯುತ್ತದೆ, ಆ ನೀರು ಮೇಲಿನ ಬಂಡೆಯ ಕರಗುವ ಬಿಂದುವನ್ನು ತಗ್ಗಿಸುತ್ತದೆ, ಅನಿಲದಿಂದ ತುಂಬಿದ ಅಂಟಾದ ಶಿಲಾಪಾಕ ಸಿದ್ಧವಾಗುತ್ತದೆ. ಪೆಸಿಫಿಕ್ ಸಾಗರವನ್ನು ಸುತ್ತುವರಿದಿರುವ ಅಗ್ನಿವಲಯ ಇಂತಹದ್ದೇ. ಸಾಗರತಳದ ಏಣುಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಉಕ್ಕುವ ಸಾಮರ್ಥ್ಯವಿರುವ ಜ್ವಾಲಾಮುಖಿಗಳು ಸುಮಾರು 1,350. ಅವುಗಳಲ್ಲಿ ಸುಮಾರು 500 ಮಾತ್ರ ಮನುಷ್ಯನ ಲಿಖಿತ ಇತಿಹಾಸದಲ್ಲಿ ಉಕ್ಕಿವೆ.

ಈಗ ಜಾತಿಗಳಿಗೆ ಬರೋಣ. ಗುರಾಣಿ ಜ್ವಾಲಾಮುಖಿಗಳು ಗಾತ್ರದಲ್ಲಿ ದೈತ್ಯರು. ಹವಾಯಿಯ ಮೌನಾ ಲೋವಾ ಸಮುದ್ರಮಟ್ಟದಿಂದ 4,169 ಮೀಟರ್ ಎತ್ತರವಿದೆ; ಸಾಗರತಳದಿಂದ ಅಳೆದರೆ ಎವರೆಸ್ಟ್‌ಗಿಂತ ಎತ್ತರ. ಆದರೂ ಅದರ ಇಳಿಜಾರು ಎಷ್ಟು ಸೌಮ್ಯವೆಂದರೆ ದೂರದಿಂದ ನೋಡಿದವರಿಗೆ ಅದು ಬೆಟ್ಟವೆಂದೇ ಅನ್ನಿಸುವುದಿಲ್ಲ. 38 ವರ್ಷ ಸುಮ್ಮನಿದ್ದು 2022ರ ನವೆಂಬರ್‌ನಲ್ಲಿ ಉಕ್ಕಿತು, ಒಂದು ಮನೆಯನ್ನೂ ಮುಟ್ಟದೆ ತಣ್ಣಗಾಯಿತು. ಅದರ ನೆರೆಯ ಕಿಲಾವೆಯಾ ಹಾಗಲ್ಲ. 2018ರಲ್ಲಿ ಜನವಸತಿಯ ನಡುವೆಯೇ ನೆಲ ಬಿರಿದು ಲಾವಾ ಹೊರಬಂದು 700ಕ್ಕೂ ಹೆಚ್ಚು ಮನೆಗಳನ್ನು ನುಂಗಿತು. 2024ರ ಡಿಸೆಂಬರ್‌ನಿಂದ ಅದು ಮತ್ತೆ ಮತ್ತೆ ಲಾವಾ ಕಾರಂಜಿಗಳನ್ನು ಚಿಮ್ಮಿಸುತ್ತಿರುವ ದೃಶ್ಯಗಳನ್ನು ಜಗತ್ತೇ ನೋಡಿದೆ. ಇದೇ ಕಿಲಾವೆಯಾ 1790ರಲ್ಲಿ ಸ್ಫೋಟಿಸಿ ಹವಾಯಿಯ ಸೈನಿಕರ ಒಂದು ತಂಡವನ್ನೇ ಕೊಂದಿತ್ತು ಎಂಬುದನ್ನು ಪ್ರವಾಸಿಗರಿಗೆ ಹೇಳುವವರು ಕಡಿಮೆ. ಶಿಲಾಪಾಕಕ್ಕೆ ನೆಲದಡಿಯ ನೀರು ಸಿಕ್ಕಿದರೆ ಗುರಾಣಿಯೂ ಸಿಡಿಯುತ್ತದೆ.

ಕಿಟ್ಟದ ಶಂಕುಗಳು, ಅಂದರೆ ಚಿಮ್ಮಿದ ಲಾವಾ ಚೂರುಗಳು ಬಾಯಿಯ ಸುತ್ತ ಗುಡ್ಡೆಯಾಗಿ ಆದ ಬೆಟ್ಟಗಳು, ಚಿಕ್ಕವು, ಅಲ್ಪಾಯುಷಿಗಳು. ಒಂದು ಜ್ವಾಲಾಮುಖಿ ಹುಟ್ಟಿದ್ದನ್ನು ಮನುಷ್ಯ ಕಣ್ಣಾರೆ ಕಂಡದ್ದು ಈ ಜಾತಿಯಲ್ಲೇ. 1943ರ ಫೆಬ್ರವರಿ 20ರಂದು ಮೆಕ್ಸಿಕೋದ ಮಿಚೋಆಕಾನ್‌ನಲ್ಲಿ ಡಿಯೊನಿಸಿಯೊ ಪುಲಿಡೊ ಎಂಬ ರೈತ ತನ್ನ ಮೆಕ್ಕೆಜೋಳದ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ನೆಲದಲ್ಲಿ ಬಿರುಕು ಬಿಟ್ಟು, ಗಂಧಕದ ವಾಸನೆಯೊಡನೆ ಹೊಗೆ, ಬೂದಿ ಏಳತೊಡಗಿತು. ಒಂದು ವರ್ಷದಲ್ಲಿ ಆ ಹೊಲದ ಜಾಗದಲ್ಲಿ 336 ಮೀಟರ್ ಎತ್ತರದ ಬೆಟ್ಟವಿತ್ತು. ಪರಿಕುಟಿನ್ ಎಂಬ ಆ ಬೆಟ್ಟ 1952ರಲ್ಲಿ ಆರಿತು. ಎರಡು ಊರುಗಳು ಲಾವಾದಡಿ ಹೋದವು. ಸಾನ್ ಹುವಾನ್ ಊರಿನ ಚರ್ಚ್‌ನ ಗೋಪುರ ಇವತ್ತಿಗೂ ಕಪ್ಪು ಬಂಡೆಗಳ ನಡುವಿನಿಂದ ಮೇಲೆದ್ದು ನಿಂತಿದೆ. ಲಾವಾದಿಂದ ಅಲ್ಲಿ ಒಬ್ಬರೂ ಸಾಯಲಿಲ್ಲ. ಬೂದಿಯ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಮೂವರು ಬಲಿಯಾದರು.

ಜ್ವಾಲಾಮುಖಿ ಎಂದೊಡನೆ ಮನಸ್ಸಿಗೆ ಬರುವ ಕಡಿದಾದ ಸುಂದರ ಬೆಟ್ಟ ಪದರು ಜ್ವಾಲಾಮುಖಿ: ಫ್ಯೂಜಿ, ವೆಸುವಿಯಸ್, ಮೆರಾಪಿ, ಮೇಯೊನ್, ಸೇಂಟ್ ಹೆಲೆನ್ಸ್. ಲಾವಾದ ಪದರಿನ ಮೇಲೆ ಬೂದಿಯ ಪದರು, ಅದರ ಮೇಲೆ ಮತ್ತೆ ಲಾವಾ, ಹೀಗೆ ಸಾವಿರಾರು ವರ್ಷಗಳ ಬೆಳವಣಿಗೆ. ಇವುಗಳ ಬಾಯಲ್ಲಿ ಅಂಟಾದ ಲಾವಾ ಹರಿಯಲಾರದೆ ಗುಮ್ಮಟವಾಗಿ ಗುಪ್ಪೆಯಾಗುತ್ತದೆ. ಗುಮ್ಮಟ ಕುಸಿದರೆ, ಇಲ್ಲವೇ ಮೇಲಕ್ಕೆ ಚಿಮ್ಮಿದ ಬೂದಿಯ ಕಂಬ ತನ್ನ ಭಾರಕ್ಕೆ ತಾನೇ ಕುಸಿದರೆ, ನೂರಾರು ಡಿಗ್ರಿ ಬಿಸಿಯ ಅನಿಲ, ಬೂದಿ, ಬಂಡೆಚೂರುಗಳ ಹೊನಲು ಇಳಿಜಾರಿನಲ್ಲಿ ಗಂಟೆಗೆ ನೂರು ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಧುಮುಕುತ್ತದೆ. ಅದರ ಮುಂದೆ ಓಡಿ ಗೆದ್ದವರಿಲ್ಲ. 1902ರ ಮೇ 8ರಂದು ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯೆರ್ ನಗರವನ್ನು ಮೌಂಟ್ ಪೆಲೆಯ ಸುಡುಹೊನಲು ಕೆಲವೇ ನಿಮಿಷಗಳಲ್ಲಿ ಮುಗಿಸಿಬಿಟ್ಟಿತು. ಸತ್ತವರು ಸುಮಾರು 28,000. ನಗರದ ನಡುವೆ ಬದುಕಿ ಉಳಿದವರಲ್ಲಿ ಒಬ್ಬ, ದಪ್ಪ ಗೋಡೆಯ ಸೆರೆಕೋಣೆಯಲ್ಲಿದ್ದ ಕೈದಿ.

ಈ ಜಾತಿಯ ಪಟ್ಟಿಗೂ ಒಂದು ತೊಡಕಿದೆ. ಕಾಂಗೋದ ನೈರಾಗೊಂಗೊ ಆಕಾರದಲ್ಲಿ ಪದರು ಜ್ವಾಲಾಮುಖಿ, ಕಡಿದಾದ ಶಂಕು. ಆದರೆ ಅದರ ಲಾವಾದಲ್ಲಿ ಸಿಲಿಕಾ ತೀರಾ ಕಡಿಮೆ. ಜಗತ್ತಿನ ಅತಿ ತೆಳುವಾದ ಲಾವಾಗಳಲ್ಲಿ ಅದೂ ಒಂದು. ಲಾವಾ ನಿಧಾನವಾಗಿ ಹರಿಯುತ್ತದೆ, ನಡೆದುಕೊಂಡು ಹೋಗಿಯೇ ಪಾರಾಗಬಹುದು ಎಂಬ ಸಾಮಾನ್ಯ ತಿಳಿವಳಿಕೆ ಅಲ್ಲಿ ನಡೆಯುವುದಿಲ್ಲ. 1977ರಲ್ಲಿ ಅದರ ಬಾಯೊಳಗಿನ ಲಾವಾ ಸರೋವರ ಒಡೆದಾಗ ಇಳಿಜಾರಿನ ಹಳ್ಳಿಗಳ ಜನರಿಗೆ ಓಡಲೂ ಸಮಯ ಸಿಗಲಿಲ್ಲ. 2002ರಲ್ಲಿ ಲಾವಾ ಗೋಮಾ ನಗರವನ್ನು ಸೀಳಿಕೊಂಡು ಕಿವು ಸರೋವರಕ್ಕೆ ಇಳಿಯಿತು.

ಕಾಲ್ಡೆರಾಗಳನ್ನು ಬೆಟ್ಟ ಎನ್ನುವುದೇ ಕಷ್ಟ. ಅಪಾರ ಶಿಲಾಪಾಕ ಒಮ್ಮೆಲೇ ಹೊರಬಿದ್ದು, ಖಾಲಿಯಾದ ಒಡಲಿನ ಮೇಲೆ ನೆಲವೇ ಕುಸಿದು ಉಂಟಾದ ತಗ್ಗುಗಳು ಇವು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಹೀಗೆ ತನ್ನ ನೆತ್ತಿಯನ್ನೇ ಕಳೆದುಕೊಂಡಿತು. ಮರುವರ್ಷ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು. 2022ರ ಜನವರಿ 15ರಂದು ಸಿಡಿದ ಟೊಂಗಾದ ಹುಂಗಾ ಸಾಗರದಡಿಯ ಕಾಲ್ಡೆರಾ. ಅದರ ಬೂದಿಕಂಬ 57 ಕಿಲೋಮೀಟರ್ ಏರಿತು, ಸುಮಾರು 15 ಕೋಟಿ ಟನ್ ನೀರಾವಿಯನ್ನು ವಾಯುಮಂಡಲದ ಮೇಲ್ಪದರಕ್ಕೆ ತಳ್ಳಿತು. ದೊಡ್ಡ ಸ್ಫೋಟವೆಂದರೆ ಭೂಮಿ ತಂಪಾಗುತ್ತದೆ ಎಂಬ ಲೆಕ್ಕಾಚಾರಕ್ಕೆ ಅದು ಒಗ್ಗಲಿಲ್ಲ. ತಂಪು ತರುವುದು ಗಂಧಕದ ಡೈಆಕ್ಸೈಡ್; ಹುಂಗಾ ಕಕ್ಕಿದ್ದರಲ್ಲಿ ಅದು ಕಡಿಮೆ, ನೀರೇ ಹೆಚ್ಚು.

ಇನ್ನು ಬೆಟ್ಟವೂ ಇಲ್ಲದ, ತಗ್ಗೂ ಇಲ್ಲದ ಬರೀ ಬಿರುಕುಗಳು. 1783ರ ಜೂನ್‌ನಲ್ಲಿ ಐಸ್‌ಲ್ಯಾಂಡ್‌ನ ಲಾಕಿಯಲ್ಲಿ 27 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿದು ಎಂಟು ತಿಂಗಳು ಲಾವಾ ಹರಿಯಿತು. ಪಠ್ಯಪುಸ್ತಕ ಇದನ್ನು ಶಾಂತ ಉಕ್ಕುವಿಕೆ ಎಂದೇ ಕರೆಯುತ್ತದೆ. ಆ ಶಾಂತಿಯಲ್ಲಿ ಹೊರಬಂದ ಫ್ಲೋರಿನ್ ಹುಲ್ಲಿನ ಮೇಲೆ ಕೂತು ದೇಶದ ಅರ್ಧಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದಿತು. ಹಿಂದೆಯೇ ಬಂದ ಕ್ಷಾಮದಲ್ಲಿ ಐದರಲ್ಲಿ ಒಬ್ಬರಷ್ಟು ಜನ ಸತ್ತರು. ಇಂದು ಅದೇ ದೇಶದ ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ ಬಿರುಕುಗಳು ಮತ್ತೆ ಬಾಯಿ ಬಿಡುತ್ತಿವೆ. 2023ರ ನವೆಂಬರ್‌ನಲ್ಲಿ ಗ್ರಿಂಡಾವಿಕ್ ಪಟ್ಟಣವನ್ನು ರಾತ್ರೋರಾತ್ರಿ ತೆರವುಗೊಳಿಸಲಾಯಿತು. ಲಾವಾ ಬಂದದ್ದು ಐದು ವಾರಗಳ ಮೇಲೆ. ನೆಲದಡಿಯಲ್ಲಿ ಶಿಲಾಪಾಕ ಎತ್ತ ಸರಿಯುತ್ತಿದೆ ಎಂದು ಭೂಕಂಪಮಾಪಕಗಳೂ ಉಪಗ್ರಹಗಳೂ ಮೊದಲೇ ಹೇಳಿದ್ದರಿಂದ ಇದು ಸಾಧ್ಯವಾಯಿತು.

ಲಾವಾ ನೋಡಲು ಭಯಂಕರ, ಆದರೆ ಜ್ವಾಲಾಮುಖಿಗಳಿಂದ ಸತ್ತವರ ಲೆಕ್ಕದಲ್ಲಿ ಅದರ ಪಾಲು ತೀರಾ ಚಿಕ್ಕದು. ಸುಡುಹೊನಲು, ಕೆಸರಿನ ಪ್ರವಾಹ, ಸುನಾಮಿ, ಅನಿಲ, ಹಸಿವು ಇವೇ ನಿಜವಾದ ಕೊಲೆಗಾರರು. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಸಿಡಿದಾಗ ಸತ್ತ 36,000 ಜನರಲ್ಲಿ ಬಹುಪಾಲು ಮಂದಿಯನ್ನು ಕೊಂದದ್ದು ಸಮುದ್ರದ ಅಲೆ. 1986ರ ಆಗಸ್ಟ್ 21ರ ರಾತ್ರಿ ಕ್ಯಾಮರೂನ್‌ನ ನ್ಯೋಸ್ ಸರೋವರದ ತಳದಲ್ಲಿ ಕರಗಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಮೇಲೆದ್ದು ಬಂದಿತು. ಗಾಳಿಗಿಂತ ಭಾರವಾದ ಆ ಅನಿಲ ಕಣಿವೆಗಳಲ್ಲಿ ಇಳಿದು, ಮಲಗಿದ್ದ 1,700ಕ್ಕೂ ಹೆಚ್ಚು ಜನರ ಉಸಿರು ಕಟ್ಟಿಸಿತು. ಬೆಂಕಿಯೂ ಇಲ್ಲ, ಬೂದಿಯೂ ಇಲ್ಲ.

ಅರ್ಮೆರೋ ದುರಂತವನ್ನು ಮಾತ್ರ ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಲಾರೆ. ಕೊಲಂಬಿಯದ ನೆವಾಡೊ ಡೆಲ್ ರೂಯಿಜ್ 5,300 ಮೀಟರ್ ಎತ್ತರದ ಹಿಮ ಹೊದ್ದ ಬೆಟ್ಟ. 1985ರ ನವೆಂಬರ್ 13ರ ರಾತ್ರಿ ಒಂಬತ್ತರ ಸುಮಾರಿಗೆ ಅದು ಉಕ್ಕಿತು. ಸ್ಫೋಟದ ತೀವ್ರತೆಯನ್ನು ಸೊನ್ನೆಯಿಂದ ಎಂಟರವರೆಗೆ ಅಳೆಯುವ ಸೂಚ್ಯಂಕದಲ್ಲಿ ಅದು ಬರೀ ಮೂರು. ಬೆಟ್ಟದ ಹಿಮದಲ್ಲಿ ಕರಗಿದ್ದು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಅಷ್ಟೇ ಸಾಕಾಯಿತು. ಕರಗಿದ ನೀರು ಬೂದಿ, ಮಣ್ಣು, ಬಂಡೆಗಳನ್ನು ಕಲಸಿಕೊಂಡು ನದಿಯ ಕೊರಕಲುಗಳಲ್ಲಿ ಇಳಿಯಿತು. ದಾರಿಯುದ್ದಕ್ಕೂ ಇನ್ನಷ್ಟು ಮಣ್ಣನ್ನು ಕಿತ್ತುಕೊಂಡು ದಪ್ಪವಾಗುತ್ತಾ ಹೋಯಿತು. ಕಣಿವೆಯ ದಾರಿಯಲ್ಲಿ ಎಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ಕ್ರಮಿಸಿ ಅದು ಅರ್ಮೆರೋ ಪಟ್ಟಣವನ್ನು ಮುಟ್ಟುವಾಗ ರಾತ್ರಿ ಹನ್ನೊಂದೂವರೆ. ನಡುವೆ ಎರಡು ಗಂಟೆಗೂ ಮೀರಿದ ಸಮಯವಿತ್ತು. ಎತ್ತರದ ನೆಲ ಪಟ್ಟಣದಿಂದ ನಡೆದು ಹೋಗುವಷ್ಟು ಹತ್ತಿರವಿತ್ತು. ಅಪಾಯದ ನಕ್ಷೆ ಒಂದು ತಿಂಗಳ ಹಿಂದೆಯೇ ಸಿದ್ಧವಾಗಿ ಅಧಿಕಾರಿಗಳ ಕೈ ಸೇರಿತ್ತು, ಅದರಲ್ಲಿ ಅರ್ಮೆರೋ ಅಪಾಯದ ವಲಯದಲ್ಲೇ ಇತ್ತು. 1845ರಲ್ಲಿ ಇದೇ ಬೆಟ್ಟದ ಕೆಸರು ಇದೇ ಜಾಗದಲ್ಲಿ ಸುಮಾರು ಸಾವಿರ ಜನರನ್ನು ಕೊಂದಿತ್ತು. ಪಟ್ಟಣ ನಿಂತದ್ದೇ ಆ ಹಳೆಯ ಕೆಸರಿನ ಮೇಲೆ. ಆದರೂ ಮಧ್ಯಾಹ್ನ ಬೂದಿ ಬೀಳತೊಡಗಿದಾಗ ಜನರಿಗೆ ಸಿಕ್ಕಿದ ಸಲಹೆ, ಗಾಬರಿಯಾಗದೆ ಮನೆಯೊಳಗೇ ಇರಿ ಎಂಬುದು. ಆ ರಾತ್ರಿ ಸತ್ತವರು ಸುಮಾರು 23,000, ಅದರಲ್ಲಿ 20,000ದಷ್ಟು ಜನ ಅರ್ಮೆರೋದವರು. ವಿಜ್ಞಾನಕ್ಕೆ ಗೊತ್ತಿತ್ತು, ಕಾಗದದ ಮೇಲೆ ಬರೆದಿತ್ತು. ಕಾಗದದಿಂದ ಜನರ ಕಿವಿಗೆ ಬರುವ ದಾರಿ ಇರಲಿಲ್ಲ.

ಅರ್ಮೆರೋದ ಮರುವರ್ಷವೇ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ, ಉಪಕರಣಗಳೊಂದಿಗೆ ಜಗತ್ತಿನ ಯಾವ ಜ್ವಾಲಾಮುಖಿಗೂ ಧಾವಿಸಬಲ್ಲ ಒಂದು ತಂಡವನ್ನು ಕಟ್ಟಿತು. 1991ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಉಗಿ ಚಿಮ್ಮಿಸಿದಾಗ ಆ ತಂಡ ಅಲ್ಲಿನ ವಿಜ್ಞಾನಿಗಳ ಜೊತೆ ಸೇರಿತು. ಸುಮಾರು 500 ವರ್ಷಗಳಿಂದ ಮಲಗಿದ್ದ, ಕಾಡು ಬೆಳೆದಿದ್ದ ಬೆಟ್ಟ ಅದು. ನಡುಕಗಳನ್ನು ಎಣಿಸಿದರು, ಗಂಧಕದ ಅನಿಲವನ್ನು ಅಳೆದರು, ಹಳೆಯ ನಿಕ್ಷೇಪಗಳನ್ನು ನೋಡಿ ಸುಡುಹೊನಲು ಎಲ್ಲಿಯವರೆಗೆ ಬಂದೀತು ಎಂಬ ನಕ್ಷೆ ಬರೆದರು, ಹತ್ತಾರು ಸಾವಿರ ಜನರನ್ನು ಎಬ್ಬಿಸಿದರು. ಜೂನ್ 15ರ ಸ್ಫೋಟ ಇಪ್ಪತ್ತನೆಯ ಶತಮಾನದ ಎರಡನೆಯ ಅತಿ ದೊಡ್ಡದು. ಭೂಮಿಯ ಸರಾಸರಿ ಉಷ್ಣತೆಯೇ ಮುಂದಿನ ವರ್ಷ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅದೇ ದಿನ ಚಂಡಮಾರುತವೂ ಬಂದು, ಮಳೆಗೆ ನೆನೆದು ಭಾರವಾದ ಬೂದಿಯಡಿ ಚಾವಣಿಗಳು ಕುಸಿದು ನೂರಾರು ಜನ ಸತ್ತರು. ಆದರೆ ಬೆಟ್ಟದ ಬುಡದಲ್ಲೇ ಉಳಿದಿದ್ದರೆ ಸಾಯುತ್ತಿದ್ದ ಸಾವಿರಾರು ಜನ ಬದುಕಿದರು.

ಇಷ್ಟಾದರೂ ಇಂದಿಗೂ ಜಗತ್ತಿನ ಬಹಳಷ್ಟು ಜ್ವಾಲಾಮುಖಿಗಳ ಮೇಲೆ ಒಂದು ಭೂಕಂಪಮಾಪಕವೂ ಇಲ್ಲ. ಕಣ್ಗಾವಲಿನ ಹಣ ಹೋಗುವುದು ಶ್ರೀಮಂತ ದೇಶಗಳ ಹೆಸರುವಾಸಿ ಬೆಟ್ಟಗಳಿಗೆ. ಅಮೆರಿಕದ ಯೆಲ್ಲೊಸ್ಟೋನ್ ಕಾಲ್ಡೆರಾ ಇವತ್ತೋ ನಾಳೆಯೋ ಸಿಡಿಯುತ್ತದೆ ಎಂಬ ವಿಡಿಯೊಗಳು ಹರಿದಾಡುತ್ತಲೇ ಇರುತ್ತವೆ. ಅದರ ಕೊನೆಯ ಮಹಾಸ್ಫೋಟ 6,40,000 ವರ್ಷಗಳ ಹಿಂದಿನದು, ಈಗ ಅಂತಹದರ ಯಾವ ಸೂಚನೆಯೂ ಇಲ್ಲ. ಅದೇ ಹೊತ್ತಿಗೆ ಲಕ್ಷಾಂತರ ಜನರ ನೆತ್ತಿಯ ಮೇಲಿರುವ ನೈರಾಗೊಂಗೊವನ್ನು ನೋಡಿಕೊಳ್ಳುವ ಗೋಮಾದ ವೀಕ್ಷಣಾಲಯಕ್ಕೆ ಹೊರಗಿನ ನೆರವು ನಿಂತು, ದೂರದ ಉಪಕರಣಗಳಿಂದ ಮಾಹಿತಿ ತರಿಸಿಕೊಳ್ಳಲು ಇಂಟರ್ನೆಟ್ ಕೂಡ ಇಲ್ಲದೆ ತಿಂಗಳುಗಳು ಕಳೆದವು. ಸಂಪರ್ಕ ಮರಳಿದ ಕೆಲವೇ ವಾರಗಳಲ್ಲಿ, 2021ರ ಮೇ 22ರಂದು, ಬೆಟ್ಟ ಉಕ್ಕಿತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಂದು ವೀಕ್ಷಣಾಲಯದ ಇಂಟರ್ನೆಟ್‌ಗೆ ಎಷ್ಟು ಹಣ ಬೇಕು?

ಜಾಗೃತ, ಸುಪ್ತ, ಲುಪ್ತ ಎಂಬ ಮೂರು ಪೆಟ್ಟಿಗೆಗಳೂ ಈ ಉದಾಸೀನಕ್ಕೆ ನೆರವಾಗುತ್ತವೆ. ಮೆಕ್ಸಿಕೋದ ಎಲ್ ಚಿಚೋನ್ ಅನ್ನು 1982ಕ್ಕೆ ಮೊದಲು ಅಪಾಯಕಾರಿ ಎಂದು ಭಾವಿಸಿದವರು ಕಡಿಮೆ. ಆ ವರ್ಷದ ಸ್ಫೋಟಗಳಲ್ಲಿ ಸುಮಾರು 2,000 ಜನ ಸತ್ತರು. ದೀರ್ಘ ಮೌನದ ನಂತರ ಎದ್ದ ಬೆಟ್ಟವೇ ಹೆಚ್ಚು ಜೋರಾಗಿ ಸಿಡಿಯುವುದುಂಟು, ಏಕೆಂದರೆ ಆ ಮೌನದಲ್ಲಿ ಶಿಲಾಪಾಕ ನಿಧಾನವಾಗಿ ಸಿಲಿಕಾವನ್ನೂ ಅನಿಲವನ್ನೂ ಕೂಡಿಸಿಕೊಳ್ಳುತ್ತಿರುತ್ತದೆ.

ಕಣ್ಗಾವಲು ಇದ್ದಲ್ಲಿ ಎಲ್ಲವೂ ಸಲೀಸು ಎಂದೇನಲ್ಲ. 2014ರಲ್ಲಿ ಜಪಾನಿನ ಒಂಟಾಕೆ, 2019ರಲ್ಲಿ ನ್ಯೂಜಿಲೆಂಡ್‌ನ ವಕಾರಿ ಎರಡೂ ಹೆಚ್ಚಿನ ಮುನ್ಸೂಚನೆಯಿಲ್ಲದೆ ಉಗಿಯ ಸ್ಫೋಟದಿಂದ ಚಾರಣಿಗರನ್ನೂ ಪ್ರವಾಸಿಗರನ್ನೂ ಬಲಿ ತೆಗೆದುಕೊಂಡವು. ಇನ್ನೊಂದು ಕಡೆ ಹುಸಿಯಾಗುವ ಎಚ್ಚರಿಕೆಗಳ ಭಯ. 1976ರಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ 70,000ಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಊರು ಬಿಡಿಸಲಾಯಿತು, ಮಹಾಸ್ಫೋಟ ಬರಲೇ ಇಲ್ಲ. 2025ರ ಆರಂಭದಲ್ಲಿ ಗ್ರೀಸ್‌ನ ಸ್ಯಾಂಟೊರಿನಿಯಲ್ಲಿ ಸಾವಿರಾರು ನಡುಕಗಳಾಗಿ 11,000ಕ್ಕೂ ಹೆಚ್ಚು ಜನ ದ್ವೀಪ ತೊರೆದರು. ಶಿಲಾಪಾಕ ಆಳದಲ್ಲೇ ಸರಿದು ನಿಂತಿತು. ಇಟಲಿಯ ನೇಪಲ್ಸ್ ಪಕ್ಕದ ಕಾಂಪಿ ಫ್ಲೆಗ್ರೇಯಿ ಎಂಬ ಕಾಲ್ಡೆರಾದಲ್ಲಿ ಈ ಸಂಕಟ ಅತಿ ತೀವ್ರ. ಅದರೊಳಗಿನ ಪೊತ್ಸುವೋಲಿ ಪಟ್ಟಣದ ರೋಮನ್ ಕಾಲದ ಮಾರುಕಟ್ಟೆಯ ಅಮೃತಶಿಲೆಯ ಕಂಬಗಳಲ್ಲಿ, ಆಳೆತ್ತರಕ್ಕಿಂತ ಬಹಳ ಮೇಲೆ, ಸಮುದ್ರದ ಚಿಪ್ಪುಜೀವಿಗಳು ಕೊರೆದ ರಂಧ್ರಗಳಿವೆ. ಆ ನೆಲ ಶತಮಾನಗಳಿಂದ ಮುಳುಗುತ್ತಾ ಏಳುತ್ತಾ ಬಂದಿದೆ. 1982ರಿಂದ 1984ರ ನಡುವೆ 1.8 ಮೀಟರ್ ಎದ್ದಾಗ ಸುಮಾರು 40,000 ಜನರನ್ನು ಸ್ಥಳಾಂತರಿಸಿದರು, ಏನೂ ಉಕ್ಕಲಿಲ್ಲ. 2005ರಿಂದ ಮತ್ತೆ ಏಳುತ್ತಿದೆ. 2025ರ ಮಾರ್ಚ್ ಮತ್ತು ಜೂನ್‌ನಲ್ಲಿ 4.6 ತೀವ್ರತೆಯ ಕಂಪನಗಳಾದವು. ಅಪಾಯದ ವಲಯದಲ್ಲಿರುವವರು ಸುಮಾರು ಐದು ಲಕ್ಷ. ಯಾವ ದಿನ ಅವರಿಗೆ ಹೊರಡಿ ಎನ್ನಬೇಕು ಎಂಬ ಪ್ರಶ್ನೆಗೆ ಯಾವ ಉಪಕರಣವೂ ನೇರ ಉತ್ತರ ಕೊಡುವುದಿಲ್ಲ. ಹುಸಿ ಎಚ್ಚರಿಕೆಯ ಖರ್ಚನ್ನು ಹೊರಲು ಸಿದ್ಧವಿರುವ ಆಡಳಿತ ಬೇಕು, ಮತ್ತು ಹುಸಿಯಾದಾಗ ವಿಜ್ಞಾನಿಗಳನ್ನು ಹಳಿಯದ ಸಮಾಜ ಬೇಕು.

ಕೊಲಂಬಿಯ ಆ ಖರ್ಚನ್ನು ಹೊರಲು ಕಲಿಯಿತು. ದೇಶದ ನೈಋತ್ಯದಲ್ಲಿರುವ ನೆವಾಡೊ ಡೆಲ್ ಉಯಿಲಾ ಕೂಡ ಹಿಮ ಹೊದ್ದ ಬೆಟ್ಟ, ಅದರ ಕೆಳಗೂ ಪಾಯೆಸ್ ನದಿಯ ಕಣಿವೆಯಲ್ಲಿ ನಾಸಾ ಎಂಬ ಮೂಲನಿವಾಸಿ ಜನಾಂಗದ ಊರುಗಳಿವೆ. ಅಲ್ಲಿ ನಡುಕಗಳನ್ನು ಹಗಲಿರುಳು ನೋಡುವ ವ್ಯವಸ್ಥೆ ಬಂತು, ಎಚ್ಚರಿಕೆ ಬಂದರೆ ಯಾವ ದಾರಿಯಲ್ಲಿ ಗುಡ್ಡ ಹತ್ತಬೇಕು ಎಂಬುದು ಊರಿನವರಿಗೆ ತಿಳಿದಿತ್ತು. 2007ರ ಏಪ್ರಿಲ್‌ನಲ್ಲಿ ಕೆಸರಿನ ಪ್ರವಾಹ ಸೇತುವೆಗಳನ್ನು ಕಿತ್ತೊಯ್ಯಿತು, ಜನ ಗುಡ್ಡದ ಮೇಲಿದ್ದರು. 2008ರ ನವೆಂಬರ್‌ನಲ್ಲಿ ಅದೇ ಕಣಿವೆಯಲ್ಲಿ ಬಂದ ಪ್ರವಾಹ ಗಾತ್ರದಲ್ಲಿ ಅರ್ಮೆರೋವನ್ನು ಹೂತ ಕೆಸರಿಗಿಂತ ದೊಡ್ಡದಾಗಿತ್ತು. ಸತ್ತವರು ಸುಮಾರು ಹತ್ತು ಮಂದಿ.